ಕಪ್ಪೆಯ ಸಾಕ್ಷ್ಯ, ಹಂದಿಯ ಅಂಡ: ಒಂದು ಆಕರ ವಿಮರ್ಶೆ

ಇತಿಹಾಸದ ಅಧ್ಯಾಪಕನೊಬ್ಬನು ಅಂಡಾಣುವಿನ ವಿಚಾರವನ್ನು ಬರೆಯಹೊರಟುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಒಂದೂರಿನ ಶಾಸನವನ್ನು ಇನ್ನೊಂದೂರಿನ ಚರಿತ್ರೆಗೆ ಆಧಾರವಾಗಿ ಹಿಡಿದರೆ ನಾವು ಆಕ್ಷೇಪಿಸುತ್ತೇವೆ. ಒಂದು ಪ್ರಾಣಿಯ ಸಾಕ್ಷ್ಯವನ್ನು ಇನ್ನೊಂದಕ್ಕೆ ಅನ್ವಯಿಸಿದಾಗಲೂ ಅದೇ ಆಕ್ಷೇಪಕ್ಕೆ ಎಡೆಯುಂಟು.

ಸ್ಟೆರಾಯ್ಡ್ ಹಾರ್ಮೋನುಗಳು ಅಂಡವನ್ನು ಪಕ್ವಗೊಳಿಸುತ್ತವೆ ಎಂಬ ವಾಕ್ಯ ತರಗತಿಯ ಟಿಪ್ಪಣಿಗಳಲ್ಲಿ ಸಾಮಾನ್ಯವಾಗಿದೆ. ಇದರ ಮೂಲ ಕಪ್ಪೆ. ಕಪ್ಪೆಯಲ್ಲಿ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಅಂಡದ ಸುತ್ತಲಿನ ಪುಟಕವು ಪ್ರೊಜೆಸ್ಟೆರೋನನ್ನು ಸ್ರವಿಸುತ್ತದೆ; ಅದು ಅಂಡದ ಹೊರಮೈಯನ್ನು ತಾಗಿದೊಡನೆ ತಡೆದು ನಿಂತಿದ್ದ ಸಂಖ್ಯಾಕ್ಷೀಣ ವಿಭಜನೆ ಮುಂದುವರಿಯುತ್ತದೆ. ಹೀಗೆ ಪಕ್ವವಾದ ಅಂಡದ ರಸವನ್ನು ಬೇರೊಂದು ಅಂಡಕ್ಕೆ ಚುಚ್ಚಿದರೆ ಹಾರ್ಮೋನಿಲ್ಲದೆ ಅದೂ ಪಕ್ವವಾಗುವುದೆಂದು 1971ರಲ್ಲಿ ಮಸೂಯಿ ಮತ್ತು ಮಾರ್ಕರ್ಟ್ ತೋರಿಸಿದರು. ಸಾಕ್ಷ್ಯ ಗಟ್ಟಿಯಾದುದೇ, ಆದರೆ ಅದು ಕಪ್ಪೆಯದು.

ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಪ್ಪೆಯ ಅಂಡಾಶಯವನ್ನು ಬಹುಕಾಲ ಅಭ್ಯಸಿಸಿದ ಪ್ರಾಣಿಶಾಸ್ತ್ರಜ್ಞ ಎಸ್. ಕೆ. ಸೈದಾಪುರ ಅವರು 1978ರಲ್ಲಿ ಅಂಡಪುಟಕಗಳು ನಶಿಸುವ ಬಗೆಯನ್ನು ಕುರಿತು ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಸಸ್ತನಿಗಳಲ್ಲದ ಕಶೇರುಕಗಳಿಗೆ ಮಾತ್ರ ತಮ್ಮ ಮಾತು ಸೀಮಿತವೆಂದು ಅದರ ಶೀರ್ಷಿಕೆಯೇ ಹೇಳುತ್ತದೆ. ತಜ್ಞನು ಎಚ್ಚರದಿಂದ ಎಳೆದ ಇಂಥ ಗೆರೆಯನ್ನೇ ತರಗತಿಯ ವಾಕ್ಯ ಅಳಿಸಿಹಾಕುತ್ತದೆ.

ಸಸ್ತನಿಗಳ ಸಂಗತಿ ಬೇರೆ. ಮೊಲದ ಅಂಡವನ್ನು ಪುಟಕದಿಂದ ಹೊರತೆಗೆದರೆ ಸಾಕು, ತಾನಾಗಿಯೇ ವಿಭಜನೆಗೆ ತೊಡಗುವುದೆಂದು 1935ರಲ್ಲಿ ಪಿಂಕಸ್ ಮತ್ತು ಎನ್ಜ್‌ಮನ್ ಕಂಡರು. ಎಂದರೆ ಇಲ್ಲಿ ಪುಟಕವು ಪ್ರೇರಕವಲ್ಲ, ಪ್ರತಿಬಂಧಕ. ಆ ಪಿಂಕಸರೂ ಎಡವದೆ ಇರಲಿಲ್ಲ. ಮೊಲದಂತೆ ಮನುಷ್ಯನ ಅಂಡಕ್ಕೂ ಸುಮಾರು 12 ಗಂಟೆ ಸಾಕೆಂಬ ಅವರ 1939ರ ಮಾತು 26 ವರ್ಷ ಪ್ರಮಾಣವಾಗಿ ನಿಂತಿತು. 1965ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಇಲಿ, ಕುರಿ, ಹಸು, ಹಂದಿ, ರೀಸಸ್ ಕೋತಿ ಮತ್ತು ಮನುಷ್ಯನ ಅಂಡಗಳನ್ನು ಹೋಲಿಸಿ ನೋಡಿದ ಮೇಲೆಯೇ, ಮನುಷ್ಯನ ಅಂಡಕ್ಕೆ 36 ಗಂಟೆಗಳಷ್ಟು ಕಾಲ ಬೇಕೆಂಬುದು ಗೊತ್ತಾಯಿತು. ಹಂದಿಯ ಅಂಡವೂ ನಿಧಾನಿಯೇ. ಪ್ರಯೋಗಶಾಲೆಯಲ್ಲಿ ಅದಕ್ಕೆ 40ರಿಂದ 44 ಗಂಟೆಗಳನ್ನು ಕೊಡುವುದು ರೂಢಿ.

ಹಾಗಾದರೆ ಹಂದಿಯಲ್ಲಿ ಸ್ಟೆರಾಯ್ಡುಗಳಿಗೆ ಕೆಲಸವೇ ಇಲ್ಲವೆ? ಇದೆ, ಆದರೆ ಮಧ್ಯಸ್ಥರ ಮೂಲಕ. ಅಂಡವನ್ನು ಮುತ್ತಿಕೊಂಡಿರುವ ಕ್ಯುಮುಲಸ್ ಜೀವಕೋಶಗಳು ಪಿಟ್ಯುಟರಿಯ ಹಾರ್ಮೋನಿಗೆ ಓಗೊಟ್ಟು ಪ್ರೊಜೆಸ್ಟೆರೋನನ್ನು ತಯಾರಿಸುತ್ತವೆ. ಅದರಿಂದ ಆ ಕೋಶಗಳ ನಡುವಣ ಸಂಪರ್ಕಗಳು ಸಡಿಲಗೊಂಡು ಅಂಡದ ಮೇಲಿನ ತಡೆ ತಗ್ಗುತ್ತದೆ. ಈಸ್ಟ್ರಡಯಾಲಿನ ವಿಷಯದಲ್ಲಿಯಂತೂ ಪ್ರಬಂಧಗಳು ಒಂದಕ್ಕೊಂದು ವಿರುದ್ಧವಾಗಿ ನುಡಿಯುತ್ತವೆ.

ಈ ವೈರುಧ್ಯಗಳಲ್ಲಿ ಕೆಲವಕ್ಕಾದರೂ ಕಾರಣ ಪಾತ್ರೆಯಲ್ಲಿರಬಹುದು. ಪೋಷಕದ್ರವ ಆವಿಯಾಗದಿರಲೆಂದು ಅದರ ಮೇಲೆ ಖನಿಜತೈಲವನ್ನು ಹೊದಿಸುವ ಪದ್ಧತಿಯುಂಟು. ಆ ತೈಲವು ಸ್ಟೆರಾಯ್ಡುಗಳನ್ನು ಹೀರಿಕೊಳ್ಳುತ್ತದೆಂದೂ ಹಂದಿಯ ಅಂಡದ ಪಕ್ವತೆ ಅದರಿಂದ ತಡವಾಗುತ್ತದೆಂದೂ 2002ರಲ್ಲಿ ಶಿಮಾದ, ಕವಾನೊ ಮತ್ತು ತೆರಾದ ತೋರಿಸಿದರು. ದಾಖಲೆಯನ್ನು ಕಾಪಾಡಬೇಕಾದ ಪೆಟ್ಟಿಗೆಯೇ ಅಕ್ಷರಗಳನ್ನು ತಿಂದಂತಾಯಿತು. ಆದ್ದರಿಂದ ಹಾರ್ಮೋನನ್ನು ಸೇರಿಸಿಯೂ ಪರಿಣಾಮ ಕಾಣಲಿಲ್ಲವೆಂದು ವರದಿಮಾಡುವ ಯಾವುದೇ ಪ್ರಬಂಧವನ್ನು ಓದುವ ವಿದ್ಯಾರ್ಥಿಯು ಫಲಿತಾಂಶದ ಪುಟಕ್ಕಿಂತ ಮೊದಲು ವಿಧಾನದ ಪುಟವನ್ನು ತೆರೆದು, ದ್ರವದ ಮೇಲೆ ಎಣ್ಣೆಯಿತ್ತೇ ಎಂದು ನೋಡಬೇಕಾಗುತ್ತದೆ.