ಮೂರು ಸೆಕೆಂಡಿಗೊಂದು ಚಿಟಿಕೆ

ಬಡವರ ಹೆಸರಿನಲ್ಲಿ ಶ್ರೀಮಂತ ರಾಷ್ಟ್ರಗಳು ಕೊಟ್ಟ ಮಾತುಗಳಿಗೆ ಬರವಿಲ್ಲ. ಅಂತಹ ಮಾತು ಹುಟ್ಟುವ ಸಭೆಯನ್ನೇ ಕಥೆಯಾಗಿಸಿಕೊಂಡ ಚಿತ್ರಗಳು ಮಾತ್ರ ತೀರಾ ಕಡಿಮೆ. 2005ರ ಜೂನ್ 25ರಂದು ಬಿಬಿಸಿ ಪ್ರಸಾರ ಮಾಡಿದ 'ದ ಗರ್ಲ್ ಇನ್ ದ ಕೆಫೆ' ಅಂತಹ ಒಂದು ಟಿವಿ ಚಿತ್ರ. ಬರೆದವರು ರಿಚರ್ಡ್ ಕರ್ಟಿಸ್, ನಿರ್ದೇಶಿಸಿದವರು ಡೇವಿಡ್ ಯೇಟ್ಸ್. ಮರುವರ್ಷ ಅದಕ್ಕೆ ಅಮೆರಿಕದ ಎಮ್ಮಿ ಪ್ರಶಸ್ತಿಯೂ ಬಂತು. ಪ್ರಸಾರದ ದಿನವನ್ನು ಲೆಕ್ಕ ಹಾಕಿಯೇ ಇಡಲಾಗಿತ್ತು. ವಾರ ಕಳೆದು ಜುಲೈ 2ರಂದು 'ಲೈವ್ 8' ಸಂಗೀತ ಕಾರ್ಯಕ್ರಮ, ಅದರ ಬೆನ್ನಿಗೇ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಜಿ-8 ರಾಷ್ಟ್ರಗಳ ಶೃಂಗಸಭೆ. ಅಂದರೆ ಇದು ಮನರಂಜನೆಗಾಗಿ ಮಾತ್ರ ತೆಗೆದ ಚಿತ್ರವಲ್ಲ. ಒಂದು ಸರಕಾರದ ಮನಸ್ಸು ಕಲಕಲೆಂದು ತೆಗೆದ ಚಿತ್ರ. ಇಪ್ಪತ್ತು ವರ್ಷ ದಾಟಿದ ಮೇಲೆ, ಆ ಮಾತುಗಳಿಗೆ ಏನಾಯಿತು ಎಂಬುದು ಗೊತ್ತಿರುವ ಇಂದು, ಅದನ್ನು ಮತ್ತೆ ನೋಡಬೇಕಾಗಿದೆ.

ಕಥೆ ಸರಳ. ಲಾರೆನ್ಸ್ ಬ್ರಿಟನ್ ಹಣಕಾಸು ಸಚಿವರ ಬಳಿ ಕೆಲಸ ಮಾಡುವ ಹಿರಿಯ ಅಧಿಕಾರಿ. ವಯಸ್ಸು ಕಳೆದಿದೆ, ಬದುಕಿನಲ್ಲಿ ಕಡತಗಳಲ್ಲದೆ ಬೇರೇನೂ ಇಲ್ಲ. ಕಿಕ್ಕಿರಿದ ಚಹಾದಂಗಡಿಯೊಂದರಲ್ಲಿ ಜಿನಾ ಎಂಬ ಯುವತಿಯ ಎದುರು ಕೂರಬೇಕಾಗುತ್ತದೆ. ಪರಿಚಯ ಬೆಳೆದು, ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆಯುವ ಶೃಂಗಸಭೆಗೆ ಆಕೆಯನ್ನೂ ಕರೆದೊಯ್ಯುತ್ತಾನೆ. ಅಲ್ಲಿ ಜಿನಾ ಯಾರೂ ಕೇಳದ ಪ್ರಶ್ನೆಗಳನ್ನು ಕೇಳತೊಡಗುತ್ತಾಳೆ. ಕೊನೆಗೆ ಔತಣಕೂಟದಲ್ಲಿ ಪ್ರಧಾನಿ ಮಾತನಾಡುತ್ತಿರುವಾಗಲೇ ಎದ್ದು, ಮೂರು ಸೆಕೆಂಡಿಗೊಮ್ಮೆ ಚಿಟಿಕೆ ಹೊಡೆಯುತ್ತಾಳೆ. ಒಂದೊಂದು ಚಿಟಿಕೆಗೆ ಜಗತ್ತಿನಲ್ಲಿ ಒಂದೊಂದು ಮಗು ಬಡತನದಿಂದ ಸಾಯುತ್ತಿದೆ. ಅವಳನ್ನು ಹೊರಗೆ ಕಳುಹಿಸಲಾಗುತ್ತದೆ. ಆದರೆ ಅವಳ ಚಿಟಿಕೆ ನಾಯಕರ ಕಿವಿಯಲ್ಲಿ ಉಳಿಯಿತು ಎಂಬ ಭರವಸೆಯೊಂದಿಗೆ ಚಿತ್ರ ಮುಗಿಯುತ್ತದೆ.

ಚಿತ್ರದ ನಿಜವಾದ ಬಲ ಆ ಔತಣಕೂಟದ ದೃಶ್ಯದಲ್ಲಿಲ್ಲ, ಲಾರೆನ್ಸನ ಪಾತ್ರದಲ್ಲಿದೆ. ಬಿಲ್ ನೈ ಅದನ್ನು ಅದ್ಭುತವಾಗಿ ನಿರ್ವಹಿಸಿದ್ದಾರೆ. ಲಾರೆನ್ಸ್ ಕೆಟ್ಟವನಲ್ಲ. ಅವನಿಗೆ ಎಲ್ಲ ಅಂಕಿ ಅಂಶಗಳೂ ಬಾಯಿಪಾಠ. ಎಷ್ಟು ಮಕ್ಕಳು ಸಾಯುತ್ತಿದ್ದಾರೆ, ಎಷ್ಟು ಹಣ ಬೇಕು ಎಂಬುದನ್ನು ಕರಡು ಪತ್ರಗಳಲ್ಲಿ ಬರೆದವನೇ ಅವನು. ಆದರೆ ಮಾತುಕತೆ ಎಂದ ಮೇಲೆ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ ಎಂಬುದು ಅವನ ಕಸುಬು ಕಲಿಸಿದ ಪಾಠ. ಬಿಟ್ಟುಕೊಡುತ್ತಿರುವುದು ಯಾರ ಪಾಲನ್ನು ಎಂಬ ಪ್ರಶ್ನೆಯನ್ನು ಜಿನಾ ಕೇಳುವ ತನಕ ಅವನು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಜಗತ್ತಿನ ಕಡುಬಡತನ ಮುಂದುವರಿಯುವುದು ಕಟುಕರಿಂದ ಮಾತ್ರವಲ್ಲ, ಸಭ್ಯರ ರಾಜಿಗಳಿಂದಲೂ ಹೌದು ಎಂಬುದನ್ನು ಇಷ್ಟು ಮೆತ್ತಗೆ ಹೇಳಿದ ಚಿತ್ರ ಇನ್ನೊಂದು ಸಿಗುವುದು ಕಷ್ಟ. ಮಗುವೊಂದಕ್ಕೆ ಹಿಂಸೆ ಕೊಟ್ಟವನ ಮೇಲೆ ಕೈ ಮಾಡಿ ತಾನು ಜೈಲು ಸೇರಿದ್ದೆ ಎಂದು ಜಿನಾ ಹೇಳುವ ಪ್ರಸಂಗವೂ ಹಾಗೆಯೇ. ಅದು ನಿನ್ನ ಮಗುವೇ ಎಂದು ಲಾರೆನ್ಸ್ ಕೇಳಿದರೆ, ಯಾರ ಮಗುವಾದರೇನು ಎಂಬ ಅರ್ಥದ ಮರುಪ್ರಶ್ನೆ ಅವಳದು. ಚಿತ್ರದ ಇಡೀ ನೀತಿ ಇದೊಂದೇ ಮಾತಿನಲ್ಲಿದೆ.

ಇಷ್ಟಾದರೂ ಒಂದು ಕೊರತೆ ಎದ್ದು ಕಾಣುತ್ತದೆ. ಯಾರಿಗಾಗಿ ಇಷ್ಟೆಲ್ಲ ಕಣ್ಣೀರೋ ಅವರಲ್ಲಿ ಒಬ್ಬರಿಗೂ ಈ ಚಿತ್ರದಲ್ಲಿ ಬಾಯಿ ಇಲ್ಲ. ಆಫ್ರಿಕಾದ ತಾಯಿಯಾಗಲಿ, ರೈತನಾಗಲಿ, ಹಣಕಾಸು ಮಂತ್ರಿಯಾಗಲಿ ಕಥೆಯೊಳಗೆ ಬಂದು ತನ್ನ ಮಾತು ಆಡುವುದಿಲ್ಲ. ಅವರು ಚಿಟಿಕೆಯ ಸದ್ದಾಗಿ ಮಾತ್ರ ಬರುತ್ತಾರೆ. ಮಾತನಾಡುವವಳೂ ಬ್ರಿಟಿಷ್ ಹೆಣ್ಣು, ಕೇಳುವವರೂ ಶ್ರೀಮಂತ ದೇಶಗಳ ನಾಯಕರು. ಬಡತನವೆಂಬುದು ಉಳ್ಳವರ ಅಂತಃಕರಣದ ಸಮಸ್ಯೆಯಾಗಿಬಿಡುತ್ತದೆ. ವಾರದ ಬಳಿಕ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದದ್ದೂ ಇದೇ ತಾನೇ? ಆಫ್ರಿಕಾಕ್ಕಾಗಿ ಹಾಡುವ ಆ ವೇದಿಕೆಯಲ್ಲಿ ಆಫ್ರಿಕಾದ ಕಲಾವಿದರು ಇರಲಿಲ್ಲವೆನ್ನುವಷ್ಟು ವಿರಳವಾಗಿದ್ದರು. ಟೀಕೆ ಬಂದ ಮೇಲೆ ಅವರಿಗೆಂದು ದೂರದ ಕಾರ್ನ್‌ವಾಲ್‌ನಲ್ಲಿ ಬೇರೆಯೇ ಒಂದು ಕಾರ್ಯಕ್ರಮ ಏರ್ಪಾಡಾಯಿತು.

ಬಾಯಿ ಇಲ್ಲದಿದ್ದಾಗ ಕಾರಣಗಳೂ ಕಾಣೆಯಾಗುತ್ತವೆ. ಆ ವರ್ಷ ಬ್ರಿಟನ್ನಿನಲ್ಲಿ ನಡೆದ 'ಮೇಕ್ ಪಾವರ್ಟಿ ಹಿಸ್ಟರಿ' ಚಳವಳಿಯ ಬೇಡಿಕೆಗಳು ಮೂರು: ನ್ಯಾಯಯುತ ವ್ಯಾಪಾರ, ಸಾಲ ಮನ್ನಾ, ಹೆಚ್ಚಿನ ಹಾಗೂ ಉತ್ತಮ ನೆರವು. ಚಳವಳಿ ವ್ಯಾಪಾರವನ್ನು ಮೊದಲಿಗಿಟ್ಟಿತ್ತು. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿಯಿಂದ ತಮ್ಮ ರೈತರು ಹಾಳಾಗುತ್ತಿದ್ದಾರೆಂದು ಬುರ್ಕಿನಾ ಫಾಸೊ, ಮಾಲಿ, ಬೆನಿನ್ ಮತ್ತು ಚಾಡ್ 2003ರಲ್ಲೇ ವಿಶ್ವ ವ್ಯಾಪಾರ ಸಂಘಟನೆಯ ಮುಂದೆ ದೂರಿದ್ದವು. ಅವು ಕೇಳಿದ್ದು ದಾನವನ್ನಲ್ಲ, ತಮ್ಮ ಹತ್ತಿಗೆ ನ್ಯಾಯವಾದ ಬೆಲೆಯನ್ನು. ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಸಾಯುವ ಮಗು ಮತ್ತು ಕೊಡುವ ಕೈ. ಆ ಕೈ ಶ್ರೀಮಂತವಾದದ್ದು ಹೇಗೆ ಎಂಬ ಪ್ರಶ್ನೆ ಭಾರತೀಯರಿಗೆ ಹೊಸದಲ್ಲ. ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಲೆಕ್ಕಪತ್ರ ಸಮೇತ ಎತ್ತಿದ್ದರು. ಮೈಸೂರು ಮತ್ತು ಬಳ್ಳಾರಿ ಸೀಮೆ ತತ್ತರಿಸಿದ 1876-78ರ ಬರಗಾಲದಲ್ಲೂ ಭಾರತದ ಬಂದರುಗಳಿಂದ ಧಾನ್ಯ ಬ್ರಿಟನ್ನಿಗೆ ಹೋಗುತ್ತಲೇ ಇತ್ತು.

ಇನ್ನು ಮಾತು ಉಳಿಯಿತೇ? ರಾಷ್ಟ್ರೀಯ ಆದಾಯದ ಶೇ. 0.7ನ್ನು ನೆರವಿಗೆ ಮೀಸಲಿಡಬೇಕೆಂದು 1969ರಲ್ಲಿ ಪಿಯರ್‌ಸನ್ ಆಯೋಗ ಶಿಫಾರಸು ಮಾಡಿತು. ಮರುವರ್ಷ ವಿಶ್ವಸಂಸ್ಥೆ ಅದನ್ನು ಅಂಗೀಕರಿಸಿತು. ಸಾವಿರ ರೂಪಾಯಿ ಸಂಪಾದನೆಯಲ್ಲಿ ಏಳು ರೂಪಾಯಿ, ಅಷ್ಟೇ. ಆ ಏಳು ರೂಪಾಯಿ ತಲುಪಲು ಬ್ರಿಟನ್ನಿಗೆ ನಾಲ್ಕು ದಶಕ ಹಿಡಿಯಿತು. ನಡುವೆ ನೆರವಿನ ಹೆಸರಿನಲ್ಲಿ ನಡೆದದ್ದು ಕಡಿಮೆಯಿಲ್ಲ. ಮಲೇಶ್ಯಾದ ಪೆರ್ಗಾವು ಅಣೆಕಟ್ಟಿಗೆ ಬ್ರಿಟನ್ ಕೊಟ್ಟ ಹಣದ ಹಿಂದೆ ಶಸ್ತ್ರಾಸ್ತ್ರ ಮಾರಾಟದ ವ್ಯವಹಾರವಿತ್ತು. 1994ರಲ್ಲಿ ಲಂಡನ್ನಿನ ಹೈಕೋರ್ಟ್ ಆ ನೆರವು ಕಾನೂನುಬಾಹಿರವೆಂದು ತೀರ್ಪಿತ್ತಿತು. 1997ರಲ್ಲಿ ನೆರವಿಗೆಂದೇ ಪ್ರತ್ಯೇಕ ಸಚಿವಾಲಯ ಬಂತು. ನೆರವಿನ ಗುರಿ ಬಡತನ ನಿವಾರಣೆಯಾಗಿರಬೇಕೆಂದು 2002ರ ಕಾನೂನು ಹೇಳಿತು. 2013ರಲ್ಲಿ ಶೇ. 0.7 ಕೈಗೂಡಿತು. 2015ರಲ್ಲಿ ಅದೂ ಕಾನೂನಾಯಿತು.

ಜಿನಾ ಹೊಡೆದ ಚಿಟಿಕೆ ವ್ಯರ್ಥವಾಗಲಿಲ್ಲ ಎನ್ನಲು ಇಲ್ಲಿಯವರೆಗಿನ ಕಥೆ ಸಾಕು. 2005ರಲ್ಲಿ ಹದಿನೆಂಟು ಬಡ ದೇಶಗಳು ಅಂತಾರಾಷ್ಟ್ರೀಯ ಸಂಸ್ಥೆಗಳಿಗೆ ಕೊಡಬೇಕಿದ್ದ ಸುಮಾರು 40 ಬಿಲಿಯ ಡಾಲರ್ ಸಾಲ ಮನ್ನಾ ಮಾಡಲು ಒಪ್ಪಿಗೆಯಾಯಿತು. ಸಾಲದ ಭಾರ ಇಳಿದ ಝಾಂಬಿಯಾ ಮರುವರ್ಷವೇ ಹಳ್ಳಿಗಳ ಸರಕಾರಿ ಆಸ್ಪತ್ರೆಗಳ ಶುಲ್ಕ ರದ್ದುಪಡಿಸಿತು. ಚಿತ್ರ ಬರುವ ವೇಳೆಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರೆಂಬುದು ಚಳವಳಿಯವರ ಲೆಕ್ಕವಾಗಿತ್ತು. 2022ರಲ್ಲಿ ಆ ಸಂಖ್ಯೆ 49 ಲಕ್ಷ. ಮೂರು ಸೆಕೆಂಡಿನ ಚಿಟಿಕೆ ಆರು ಸೆಕೆಂಡಿಗೆ ಸರಿದಿದೆ. ಇದರಲ್ಲಿ ಆಯಾ ದೇಶಗಳ ಜನರ ದುಡಿಮೆಯ ಪಾಲು ದೊಡ್ಡದು. ಆದರೆ ಲಸಿಕೆ, ಸೊಳ್ಳೆಪರದೆ, ಎಚ್‌ಐವಿ ಔಷಧಿಗಳಿಗೆ ಬಂದ ಹೊರಗಿನ ಹಣದ ಪಾಲೂ ಇದೆ. ನೆರವೆಲ್ಲ ಭ್ರಷ್ಟರ ಜೇಬಿಗೆ ಹೋಗುತ್ತದೆ ಎಂದು ಕೈ ತೊಳೆದುಕೊಳ್ಳುವವರು ಈ ಲೆಕ್ಕವನ್ನೂ ನೋಡಬೇಕು.

ಆದರೆ ಗ್ಲೆನ್‌ಈಗಲ್ಸ್‌ನಲ್ಲಿ 2010ರೊಳಗೆ ಆಫ್ರಿಕಾಕ್ಕೆ ವರ್ಷಕ್ಕೆ 25 ಬಿಲಿಯ ಡಾಲರ್ ಹೆಚ್ಚುವರಿಯಾಗಿ ಕೊಡುವೆವೆಂದ ಮಾತು ಅರ್ಧವೂ ಈಡೇರಲಿಲ್ಲ. ಬ್ರಿಟನ್ ತನ್ನ ನೆರವು ಸಚಿವಾಲಯವನ್ನು 2020ರಲ್ಲಿ ವಿದೇಶಾಂಗ ಸಚಿವಾಲಯದೊಳಗೆ ಕರಗಿಸಿತು. 2021ರಲ್ಲಿ, ಕೊರೊನಾದ ಕಾರಣ ನೀಡಿ, ಶೇ. 0.7 ಶೇ. 0.5ಕ್ಕೆ ಇಳಿಯಿತು. ಆ ಹಣದಲ್ಲೂ ದೊಡ್ಡ ಪಾಲು ಬ್ರಿಟನ್ ಬಿಟ್ಟು ಹೊರಗೆ ಹೋಗಲಿಲ್ಲ. 2023ರಲ್ಲಿ ನೆರವಿನ ಕಾಲುಭಾಗಕ್ಕಿಂತ ಹೆಚ್ಚು, 4.3 ಬಿಲಿಯ ಪೌಂಡ್, ಬ್ರಿಟನ್ನಿನೊಳಗೇ ಆಶ್ರಯ ಕೋರಿ ಬಂದವರ ವಸತಿ ಮೊದಲಾದ ವೆಚ್ಚಕ್ಕೆ ಹೋಯಿತು. ನಿರಾಶ್ರಿತರಿಗೆ ಸೂರು ಕೊಡುವುದು ಕರ್ತವ್ಯವೇ. ಆದರೆ ಅದಕ್ಕೆ ದೂರದ ಹಸಿದವನ ತಟ್ಟೆಯಿಂದ ತೆಗೆಯಬೇಕೇ? 2025ರ ಫೆಬ್ರವರಿಯಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್, ರಕ್ಷಣಾ ವೆಚ್ಚ ಹೆಚ್ಚಿಸಲು 2027ಕ್ಕೆ ನೆರವನ್ನು ಶೇ. 0.3ಕ್ಕೆ ಇಳಿಸುವುದಾಗಿ ಘೋಷಿಸಿದರು. ಅಭಿವೃದ್ಧಿ ಸಚಿವೆ ಆನೆಲೀಸ್ ಡಾಡ್ಸ್ ರಾಜೀನಾಮೆ ಕೊಟ್ಟರು. ಗ್ಲೆನ್‌ಈಗಲ್ಸ್‌ನಲ್ಲಿ ಮಾತು ಕೊಟ್ಟದ್ದೂ ಲೇಬರ್ ಸರಕಾರ, ಇದನ್ನು ಘೋಷಿಸಿದ್ದೂ ಲೇಬರ್ ಸರಕಾರ. ಅದೇ ವರ್ಷ ಅಮೆರಿಕ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು.

ಕಾನೂನು ಇದ್ದೂ ಹೀಗಾದದ್ದು ಹೇಗೆ? 2015ರ ಕಾನೂನಿನ ಪ್ರಕಾರ ಗುರಿ ತಪ್ಪಿದರೆ ಸಚಿವರು ಸಂಸತ್ತಿಗೆ ಕಾರಣ ತಿಳಿಸಿದರೆ ಸಾಕು. ಆರ್ಥಿಕ ಪರಿಸ್ಥಿತಿಯೂ ಒಂದು ಕಾರಣವಾಗಬಹುದು. ನಷ್ಟವಾದವನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ. ಅವನಿಗೆ ಬ್ರಿಟನ್ನಿನಲ್ಲಿ ಮತವೂ ಇಲ್ಲ. ಮಾತು ಕೊಟ್ಟವನೂ ಅವನೇ, ಮುರಿದವನೂ ಅವನೇ, ಮುರಿದದ್ದು ಸರಿಯೇ ಎಂದು ತೀರ್ಮಾನಿಸುವವನೂ ಅವನೇ.

ಚಿತ್ರದ ಕೊರತೆಗೂ ಈ ಕಾನೂನಿನ ಕೊರತೆಗೂ ಮೂಲ ಒಂದೇ. ಎರಡರಲ್ಲೂ ಬಡವನು ವಿಷಯವಾಗಿದ್ದಾನೆ, ಕಕ್ಷಿದಾರನಾಗಿಲ್ಲ. ಮರುಕ ಒಂದು ಸಂಜೆಯ ಔತಣವನ್ನು ಕೆಡಿಸಬಲ್ಲದು, ಒಂದು ಕಾನೂನನ್ನೂ ತರಬಲ್ಲದು. ಅದು ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಆದರೆ ಭಯದ ದಿನಗಳು ಬಂದಾಗ ಮರುಕದ ಬಜೆಟ್ಟಿಗೇ ಮೊದಲು ಕತ್ತರಿ ಬೀಳುತ್ತದೆ. ಸಾಲ, ವ್ಯಾಪಾರ, ನೆರವು ಇವನ್ನು ತೀರ್ಮಾನಿಸುವ ಮೇಜಿನಲ್ಲಿ ಬಡ ದೇಶಗಳಿಗೆ ಸಮಾನ ಕುರ್ಚಿ ಸಿಗುವವರೆಗೆ ಶೇ. 0.7 ಎಂಬುದು ಕೊಡುವವರ ಮರ್ಜಿಯಾಗಿಯೇ ಉಳಿಯುತ್ತದೆ.

ಇಂದು ಯಾರಾದರೂ ಈ ಚಿತ್ರವನ್ನು ಮತ್ತೆ ತೆಗೆಯುವುದಾದರೆ ಜಿನಾ ಇರಲಿ, ಅವಳ ಧೈರ್ಯವೂ ಇರಲಿ. ಆದರೆ ಆ ಊಟದ ಮೇಜಿನಲ್ಲಿ ಝಾಂಬಿಯಾದ ಒಬ್ಬ ದಾದಿಯೂ ಮಾಲಿಯ ಒಬ್ಬ ಹತ್ತಿ ಬೆಳೆಗಾರನೂ ಕುಳಿತಿರಲಿ. ಅವರಿಗೆ ಚಿಟಿಕೆ ಹೊಡೆಯುವ ಅಗತ್ಯ ಬೀಳದು. ತಮಗೆ ಬರಬೇಕಾದದ್ದರ ಲೆಕ್ಕ ಕೇಳಿದರೆ ಸಾಕು.