ಸಂಯುಕ್ತ ಮಾತ್ರೆಗಳ ಮಾಪನ: ದ್ರವ ಕ್ರೊಮಟೋಗ್ರಫಿ ಪ್ರಬಂಧಗಳ ವಿಮರ್ಶೆ

ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ರೈತರು ತಯಾರಿಸಿದ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವುದು ಅದರ ಉದ್ದೇಶವಾಗಿತ್ತು. ಬೆಲ್ಲವಾದರೋ ಒಂದೇ ವಸ್ತುವಲ್ಲ. ಸುಕ್ರೋಸಿನೊಡನೆ ಗ್ಲೂಕೋಸ್, ಫ್ರಕ್ಟೋಸುಗಳೂ ಅದರಲ್ಲಿ ಸೇರಿರುತ್ತವೆ. ಸುಕ್ರೋಸಿನ ದ್ರಾವಣ ಧ್ರುವಿತ ಬೆಳಕನ್ನು ಬಲಕ್ಕೆ ತಿರುಗಿಸಿದರೆ ಫ್ರಕ್ಟೋಸಿನದು ಎಡಕ್ಕೆ ತಿರುಗಿಸುತ್ತದೆ. ಆದುದರಿಂದ ಪೋಲರಿಮೀಟರಿನ ಒಂದೇ ಅಂಕೆಯನ್ನು ನಂಬಿ ಬೆಲ್ಲದ ಸಕ್ಕರೆಯನ್ನು ಲೆಕ್ಕಹಾಕಿದವನು ಮೋಸಹೋಗುವುದು ಖಂಡಿತ. ಮಿಶ್ರಣದಲ್ಲಿ ಒಂದನ್ನು ಅಳೆಯಹೊರಟಾಗ ಇನ್ನೊಂದು ಅಡ್ಡಬರುವ ಈ ತೊಡಕು ಹಳೆಯದು. ಇಂದಿನ ಸಂಯುಕ್ತ ಮಾತ್ರೆಗಳಲ್ಲಿ ಅದೇ ತೊಡಕು ಹೊಸ ವೇಷದಲ್ಲಿ ಕಾಣಿಸಿಕೊಂಡಿದೆ.

ತೊಡಕಿಗೆ ದೊರೆತ ಉತ್ತಮ ಪರಿಹಾರವೆಂದರೆ ಮೊದಲು ಬೇರ್ಪಡಿಸಿ ಅನಂತರ ಅಳೆಯುವುದು. ಸಸ್ಯವರ್ಣಗಳನ್ನು ಹೀಗೆ ಬೇರ್ಪಡಿಸಿದ ತ್ಸ್ವೆಟ್ 1906ರಲ್ಲಿ ಆ ವಿಧಾನಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟನು. 1941ರಲ್ಲಿ ಅದಕ್ಕೆ ಹೊಸ ತಳಹದಿ ಹಾಕಿದ ಮಾರ್ಟಿನ್ ಮತ್ತು ಸಿಂಜ್ 1952ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇಂದು ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ಮೈಸೂರಿನಲ್ಲಿಯೂ ಔಷಧವಿಜ್ಞಾನದ ಕಾಲೇಜುಗಳಿವೆ. ಭಾರತದಾದ್ಯಂತ ಇಂಥ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಎರಡು ಔಷಧಗಳಿರುವ ಮಾತ್ರೆಯೊಂದನ್ನು ಆರಿಸಿ ಅದಕ್ಕೆ ದ್ರವ ಕ್ರೊಮಟೋಗ್ರಫಿಯ ವಿಧಾನ ರಚಿಸುವುದು ಬಲು ಪ್ರಿಯವಾದ ವಿಷಯ. ಈ ಪ್ರಬಂಧರಾಶಿಯ ಗುಣದೋಷಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇವುಗಳ ಗುಣವನ್ನು ಮೊದಲು ಹೇಳುವುದು ನ್ಯಾಯ. ತೂಕಮಾಡುವ ಎಚ್ಚರ, ದ್ರಾವಕದ ಆಮ್ಲತೆಯನ್ನು ಹೊಂದಿಸುವ ಜಾಣ್ಮೆ, ಅಂಕೆಗಳನ್ನು ಪಟ್ಟಿಮಾಡುವ ಶಿಸ್ತು, ಇವೆಲ್ಲ ವಿದ್ಯಾರ್ಥಿಗೆ ಇದರಿಂದ ಲಭಿಸುತ್ತವೆ. ಐ.ಸಿ.ಎಚ್. ಸಂಸ್ಥೆಯ ಕ್ಯೂ-2 ಮಾರ್ಗಸೂಚಿಯನ್ನು ಅನುಸರಿಸಿ ಕನಿಷ್ಠ 5 ಸಾಂದ್ರತೆಗಳಲ್ಲಿ ರೇಖೀಯತೆಯನ್ನೂ, 3 ಮಟ್ಟಗಳ 9 ಪರೀಕ್ಷೆಗಳಲ್ಲಿ ಯಥಾರ್ಥತೆಯನ್ನೂ ತೋರಿಸುವುದು ವಾಡಿಕೆ. ಆದರೆ ವಿಧಾನವು ತನ್ನ ಉದ್ದೇಶಕ್ಕೆ ತಕ್ಕುದೆಂದು ತೋರಿಸಬೇಕೆಂಬುದೇ ಆ ಮಾರ್ಗಸೂಚಿಯ ತಿರುಳು. ಪಟ್ಟಿಯ ಕಲಮುಗಳು ತುಂಬಿದವು, ಉದ್ದೇಶ ಮರೆತುಹೋಯಿತು ಎಂಬುದೇ ನಮ್ಮ ಮುಖ್ಯ ಆಕ್ಷೇಪ.

ಮಧುಮೇಹದ ಪ್ರಸಿದ್ಧ ಮಾತ್ರೆಯೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಗ್ಲಿಮೆಪಿರೈಡ್ 1 ಮಿಲಿಗ್ರಾಂ. ಮೊದಲನೆಯದು ನೀರನ್ನು ಬಯಸುವ ಪ್ರಬಲ ಪ್ರತ್ಯಾಮ್ಲ. ಸಾಮಾನ್ಯ ಸಿ-18 ಕಾಲಮ್ಮಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ದ್ರಾವಕದೊಡನೆಯೇ ಹೊರಬೀಳುವ ಸ್ವಭಾವದ್ದು. ಎರಡನೆಯದು ಕಾಲಮ್ಮಿಗೆ ಅಂಟಿಕೊಂಡು ತಡವಾಗಿ ಬರುವುದು. ಇವೆರಡನ್ನೂ ಒಂದೇ ಓಟದಲ್ಲಿ ಹಿಡಿಯುವುದೇ ಕುಶಲತೆ, ನಿಜ. ಆದರೆ ಮೆಟ್‌ಫಾರ್ಮಿನ್ನಿನಲ್ಲಿ ನೂರಕ್ಕೆ 0.1 ಭಾಗದ ಕಲ್ಮಷವಿದ್ದರೂ ಅದು 0.5 ಮಿಲಿಗ್ರಾಂ, ಅಂದರೆ ಗ್ಲಿಮೆಪಿರೈಡಿನ ಅರ್ಧದಷ್ಟಾಯಿತು! ಅದು ಗ್ಲಿಮೆಪಿರೈಡಿನ ಶೃಂಗದಡಿಯಲ್ಲಿ ಅಡಗಿ, ಬೆಳಕನ್ನು ಅದರಷ್ಟೇ ಹೀರಿದರೆ, ಫಲಿತಾಂಶ ಒಂದೂವರೆಪಟ್ಟಾಗುತ್ತದೆ. ಶುದ್ಧ ಔಷಧಗಳಿಂದ ಎಳೆದ ಸರಳರೇಖೆಯ ಸಹಸಂಬಂಧಾಂಕ 0.999 ಆಗಿದ್ದ ಮಾತ್ರಕ್ಕೆ ಈ ಸಂದೇಹ ಪರಿಹಾರವಾಗದು. ಶೃಂಗದ ಶುದ್ಧಿಯನ್ನೂ, ಔಷಧವಿಲ್ಲದ ಪೂರಕ ದ್ರವ್ಯಗಳ ಪರೀಕ್ಷೆಯನ್ನೂ ತೋರಿಸದ ಪ್ರಬಂಧ ಅರ್ಧವೇ ಸರಿ.

ಎರಡನೆಯದಾಗಿ, 20 ಮಾತ್ರೆಗಳನ್ನು ಪುಡಿಮಾಡಿ ಸರಾಸರಿ ತೆಗೆಯುವ ಪದ್ಧತಿ. ಸರಾಸರಿಯು 1 ಮಿಲಿಗ್ರಾಂ ಎಂದು ಬಂದರೂ, ಒಂದು ಮಾತ್ರೆಯಲ್ಲಿ ಅರ್ಧ, ಮತ್ತೊಂದರಲ್ಲಿ ಒಂದೂವರೆ ಇದ್ದೀತು. ರೋಗಿ ನುಂಗುವುದು ಸರಾಸರಿಯನ್ನಲ್ಲ, ಒಂದು ಮಾತ್ರೆಯನ್ನು. ಪ್ರಮಾಣ ಹೆಚ್ಚಾದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಲ್ಲದು. ಅಮೆರಿಕದ ಔಷಧಸಂಹಿತೆ 25 ಮಿಲಿಗ್ರಾಮಿಗಿಂತ ಕಡಿಮೆಯ ಔಷಧವಿರುವ ಮಾತ್ರೆಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದಲೇ. ಯಥಾರ್ಥತೆಯ ಪರೀಕ್ಷೆಯ ಗತಿಯೂ ಇದೇ. ಮೊದಲೇ ಕರಗಿಸಿದ ಶುದ್ಧ ಔಷಧವನ್ನು ಪುಡಿಗೆ ಬೆರೆಸಿ ಮರಳಿ ಪಡೆದರೆ, ಒತ್ತಿದ ಮಾತ್ರೆಯೊಳಗಿನ ಔಷಧ ಪೂರ್ಣವಾಗಿ ಕರಗಿ ಬಂದಿತೆಂದು ಸಿದ್ಧವಾಗುವುದಿಲ್ಲ.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಕ್ಷಯರೋಗದ ಸಂಯುಕ್ತ ಮಾತ್ರೆಯಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪಿರಾಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ ಇರುತ್ತವೆ. ಎಥಾಂಬ್ಯುಟಾಲಿಗೆ ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರುವ ಗುಂಪೇ ಇಲ್ಲ; ಸಾಮಾನ್ಯ ಶೋಧಕಕ್ಕೆ ಅದು ಕಾಣಿಸದು. ಮೇಲಾಗಿ, ಆಮ್ಲದಲ್ಲಿ ಒಡೆದ ರಿಫಾಂಪಿಸಿನ್ ಐಸೋನಿಯಾಜಿಡಿನೊಡನೆ ಕೂಡಿ ಹೈಡ್ರಜೋನ್ ಆಗುತ್ತದೆ. ಜಠರದ ದ್ರವವೂ ಆಮ್ಲವೆಂಬುದನ್ನು ನೆನೆಯಬೇಕು. ಪ್ರತಿಯೊಂದು ಔಷಧವನ್ನೂ ಪ್ರತ್ಯೇಕವಾಗಿ ಕೆಡಿಸಿನೋಡುವ ವಿದ್ಯಾರ್ಥಿಗೆ ಈ ಪದಾರ್ಥ ದೊರೆಯುವುದೇ ಇಲ್ಲ. ಜೊತೆಯಲ್ಲಿಟ್ಟು ಕೆಡಿಸಿದಾಗಲೇ ದೊರೆಯುವುದು. ಸಂಯುಕ್ತ ಮಾತ್ರೆಯ ವಿಶ್ಲೇಷಣೆಗೆ ವಿಶಿಷ್ಟವಾದ ಪ್ರಶ್ನೆ ಇದೇ ಆಗಿದೆ.

ಕಾಲೇಜಿನ ಸಲಕರಣೆ ಅಲ್ಪ, ಅವಧಿ ಇನ್ನೂ ಅಲ್ಪ, ಇಷ್ಟನ್ನೆಲ್ಲ ಮಾಡುವುದೆಂತು ಎಂದು ಅಧ್ಯಾಪಕರು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಆದರೆ ಹತ್ತು ಮಾತ್ರೆಗಳನ್ನು ಬೇರೆಬೇರೆಯಾಗಿ ಕರಗಿಸಲು ಹೊಸ ಯಂತ್ರವೇನೂ ಬೇಡ. ಎರಡು ಔಷಧಗಳನ್ನು ಒಂದೇ ಸೀಸೆಯಲ್ಲಿ ಆಮ್ಲದೊಡನೆ ಇಡಲೂ ಬೇಡ. ಬೇಕಾದುದು ಪ್ರಶ್ನೆಯನ್ನು ಬದಲಾಯಿಸುವ ಮನಸ್ಸು.

ಅಳತೆಗೆ ಮೀರಿದ ಪ್ರಶ್ನೆಯೂ ಒಂದುಂಟು. ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಚಂದ್ರಕಾಂತ ಕೊಕಾಟೆಯವರ ಸಮಿತಿಯ ಪರಿಶೀಲನೆಯ ಮೇಲೆ ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ವಿಷಯ ನ್ಯಾಯಾಲಯಕ್ಕೆ ಹೋಗಿ, ಮರುಪರಿಶೀಲನೆಯ ತರುವಾಯ 2018ರ ಸೆಪ್ಟೆಂಬರಿನಲ್ಲಿ 328 ಔಷಧಗಳ ಮೇಲೆ ನಿಷೇಧ ಬಂದಿತು. ಎರಡನ್ನು ಕೂಡಿ ಅಳೆಯಬಲ್ಲೆವೆಂಬುದು ಎರಡನ್ನು ಕೂಡಿ ಕೊಡಬೇಕೆಂಬುದಕ್ಕೆ ಆಧಾರವಲ್ಲ. ಪ್ರಬಂಧದ ಪೀಠಿಕೆಯಲ್ಲಿ ಮಾತ್ರೆಯ ಔಚಿತ್ಯವನ್ನು ಒಂದು ಪುಟದಷ್ಟಾದರೂ ಚರ್ಚಿಸುವುದು ಅವಶ್ಯ.

ಪಾಲಹಳ್ಳಿಯಂಥ ಗ್ರಾಮದ ರೋಗಿಗೆ ಮಾತ್ರೆಯನ್ನು ಪರೀಕ್ಷಿಸುವ ದಾರಿಯಿಲ್ಲ. ಬೆಲ್ಲದಂತೆ ನಾಲಗೆಯಿಂದ ಅದರ ಗುಣ ತಿಳಿಯದು. ಅವನ ಪರವಾಗಿ ಅಳೆಯುವವನು ವಿಶ್ಲೇಷಕ. ಆದುದರಿಂದ ಇನ್ನೊಂದು ಜೋಡಿಗೆ ಇನ್ನೊಂದು ವಿಧಾನವನ್ನು ಸೇರಿಸುವುದಕ್ಕಿಂತ, ಇರುವ ವಿಧಾನಗಳಿಂದ ಅಂಗಡಿಯ ಮಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸವನ್ನು ನಮ್ಮ ವಿಭಾಗಗಳು ಕೈಕೊಳ್ಳುವುದು ಹೆಚ್ಚು ಉಪಯುಕ್ತವಾದೀತು.