ಆಕ್ ಎಂಬ ಪುಟ್ಟ ಭಾಷೆ
ಹೊಸ ಪ್ರೋಗ್ರಾಮಿಂಗ್ ಭಾಷೆಗಳ ಭರಾಟೆಯಲ್ಲೂ ನನ್ನ ಮನಸ್ಸು ವಾಲುವುದು ಆಕ್ ಕಡೆಗೇ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಅಹೊ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಹ್ಯಾನ್ ಕಟ್ಟಿದ ಭಾಷೆಯಿದು. ಕಡತ ತೆರೆಯುವುದು, ಸಾಲು ಓದುವುದು, ಪದ ಬಿಡಿಸುವುದು ಎಲ್ಲ ಅದರದೇ ಹೊಣೆ. ಯಾವ ಸಾಲು ಬೇಕು, ಅದನ್ನೇನು ಮಾಡಬೇಕು ಎಂದಷ್ಟೇ ನಾವು ಹೇಳಿದರಾಯಿತು. ಕಾದಂಬರಿಯೊಂದರಲ್ಲಿ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಲು ಎರಡು ಸಾಲು ಸಾಕು, ಕನ್ನಡದ್ದಾದರೂ ಸರಿಯೇ. ಈ ಭಾಷೆ ಎಲ್ಲರಿಗೂ ಮುಕ್ತ ಕೂಡ. ಗ್ನೂ ಯೋಜನೆಯವರ ಆಕ್ ಆವೃತ್ತಿಯಾದ ಗಾಕ್ ಸ್ವತಂತ್ರ ತಂತ್ರಾಂಶ. ಕರ್ನಿಹ್ಯಾನ್ ನೋಡಿಕೊಳ್ಳುತ್ತ ಬಂದ ಮೂಲ ಆಕ್‌ನ ಆಕರ ಸಂಕೇತವೂ ಈಗ ಎಲ್ಲರಿಗೂ ತೆರೆದಿದೆ. ಅದಕ್ಕೆ 2022ರಲ್ಲಿ ಯೂನಿಕೋಡ್ ಬೆಂಬಲ ಸೇರಿಸಿದವರು ಅವರೇ, ತಮ್ಮ 80ರ ಪ್ರಾಯದಲ್ಲಿ! ಬೀಗ ಹಾಕಿಟ್ಟ ತಂತ್ರಾಂಶವಾಗಿದ್ದರೆ ಕಂಪನಿಯ ಆಸಕ್ತಿ ಕುಂದಿದ ದಿನವೇ ಅದರ ಕಥೆ ಮುಗಿಯುತ್ತಿತ್ತು. ಇಲ್ಲಿ ಕಟ್ಟಿದವರೂ ತಿದ್ದಬಹುದು, ನಾಳೆ ಕಲಿಯಲು ಕೂತ ಹುಡುಗಿಯೂ ತಿದ್ದಬಹುದು.